ಕೂದಲಿನ ವಿಷಯದಲ್ಲಿ ಕಾಯಿರಿ, ಮುಖದ ವಿಷಯದಲ್ಲಿ ಕಾಯಬೇಡಿ

ಪ್ರಶ್ನೆ: ನನಗೆ 31 ವರ್ಷ. ತವರು ಶಿರಸಿಯ ಹತ್ತಿರದ ಹಳ್ಳಿ, ಈಗ ಇರುವುದು ಬೆಂಗಳೂರಿನಲ್ಲಿ. ಐದು ತಿಂಗಳ ಹಿಂದೆ ಎರಡನೇ ಹೆರಿಗೆಯಾಯಿತು. ಬಾಣಂತನ ಮುಗಿಸಿಕೊಂಡು ಮಗುವಿಗೆ ಮೂರು ತಿಂಗಳಾದಾಗ ಬೆಂಗಳೂರಿಗೆ ಬಂದೆ. ಬಂದ ಎರಡೇ ವಾರಕ್ಕೆ ಕೂದಲು ಉದುರತೊಡಗಿತು. ತಲೆಗೆ ಸ್ನಾನ ಮಾಡಿದ ದಿನ ಬಚ್ಚಲಿನ ಜಾಲರಿಯ ಮೇಲೆ ಮುಷ್ಟಿಗಟ್ಟಲೆ ಕೂದಲು. ತುದಿಯಲ್ಲಿ ಬಿಳಿ ಗಂಟು ಕಾಣುತ್ತದೆ, ಬೇರುಸಹಿತ ಕಿತ್ತು ಬರುತ್ತಿದೆ ಎಂದು ಭಯವಾಗುತ್ತದೆ. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಅದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಷವರ್‌ಗೆ ಫಿಲ್ಟರ್ ಹಾಕಿಸಿದರೂ ಕಡಿಮೆಯಾಗಲಿಲ್ಲ. ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈರುಳ್ಳಿ ರಸ ಹಚ್ಚಿದೆ, ನೆತ್ತಿ ಉರಿಯಿತು. ಅತ್ತೆಯವರು ದಿನವೂ ಎಣ್ಣೆ ಹಚ್ಚಿಕೋ ಎನ್ನುತ್ತಾರೆ, ಆದರೆ ತಲೆಹೊಟ್ಟು ಹೆಚ್ಚುತ್ತಿದೆ. ಒಂದು ಕ್ಲಿನಿಕ್‌ನಲ್ಲಿ ಪಿಆರ್‌ಪಿ ಮಾಡಿಸಿಕೊಳ್ಳಿ ಎಂದರು. ಮಗುವಿನ ಜೊತೆ ನಾನೂ ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತದೆಯೇ? ಇನ್ನೊಂದು ವಿಷಯ: ಗರ್ಭಿಣಿಯಾಗಿದ್ದಾಗ ಕೆನ್ನೆಯ ಮೇಲೆ ಬಂಗು ಬಂದಿತ್ತು. ತವರಿನಲ್ಲಿದ್ದಾಗ ಪರಿಚಿತರೊಬ್ಬರು ಹೇಳಿದ ಟ್ಯೂಬ್ ತರಿಸಿ ಹಚ್ಚಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದು ಬರೆದಿದೆ. ಮೊದಲ ತಿಂಗಳು ಮುಖ ತುಂಬಾ ಚೆನ್ನಾಯಿತು. ಈಗ ನಾಲ್ಕು ತಿಂಗಳಾಯಿತು. ಎರಡು ದಿನ ಹಚ್ಚದಿದ್ದರೆ ಮುಖ ಕೆಂಪಾಗಿ ಉರಿಯುತ್ತದೆ, ಸಣ್ಣ ಗುಳ್ಳೆಗಳೂ ಏಳುತ್ತವೆ. ಮಗುವಿಗೆ ಎದೆಹಾಲು ಕೊಡುತ್ತಿದ್ದೇನೆ. ಕೂದಲು ಪೂರ್ತಿ ಹೋಗುವ ಮೊದಲು ಏನು ಮಾಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದ ಬಹುಭಾಗ ಕೂದಲಿನ ಬಗ್ಗೆ ಇದೆ. ಮುಖದ ಬಗ್ಗೆ ಇರುವುದು ಕೊನೆಯ ಕೆಲವೇ ಸಾಲು. ನನಗೆ ಆತಂಕವಾದದ್ದು ಆ ಕೊನೆಯ ಸಾಲುಗಳನ್ನು ಓದಿದಾಗ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ಕೂದಲು ಹೆಚ್ಚು ಚಿಕಿತ್ಸೆಯನ್ನೇನೂ ಬೇಡದೆ ಮರಳುವ ಸಾಧ್ಯತೆ ಬಹಳ. ಮುಖದ ಚರ್ಮ ಮಾತ್ರ ದಿನಕಳೆದಂತೆ ತೆಳುವಾಗುತ್ತಿದೆ, ಅದಕ್ಕೆ ಈ ವಾರವೇ ಚರ್ಮವೈದ್ಯರ ನೆರವು ಬೇಕು. ಆದರೂ ಕೂದಲಿನಿಂದಲೇ ಆರಂಭಿಸುತ್ತೇನೆ. ಆ ಭಯ ಕಳೆಯದೆ ಬೇರೆ ಮಾತು ನಿಮ್ಮ ಮನಸ್ಸಿಗೆ ಇಳಿಯುವುದು ಕಷ್ಟ.

ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸುವ ಹಂತದಲ್ಲಿರುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನೆ ಬುಡದಲ್ಲಿ ನಿಂತಿದ್ದು ಉದುರುತ್ತದೆ. ಆರೋಗ್ಯವಂತರ ತಲೆಯಲ್ಲಿ ನೂರಕ್ಕೆ ಸುಮಾರು ಹತ್ತು ಕೂದಲು ಈ ವಿಶ್ರಾಂತಿಯ ಹಂತದಲ್ಲಿರುತ್ತವೆ. ಲೆಕ್ಕ ಹಾಕಿ ನೋಡಿ: ಹತ್ತು ಸಾವಿರ ಕೂದಲು ನೂರು ದಿನಗಳಲ್ಲಿ ಉದುರಬೇಕಾದರೆ ದಿನಕ್ಕೆ ನೂರು. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ ಎಂದು ವೈದ್ಯರು ಹೇಳುವುದು ಇದೇ ಲೆಕ್ಕದಿಂದ. ಮೂರು ದಿನಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಆ ಮೂರೂ ದಿನದ ಕೂದಲು ಒಂದೇ ಸಲ ಜಾಲರಿಯ ಮೇಲೆ ಕಾಣಿಸುತ್ತದೆ. ಉದ್ದ ಕೂದಲಾದರೆ ಅದು ನಿಜಕ್ಕಿಂತ ಹೆಚ್ಚಾಗಿಯೂ ತೋರುತ್ತದೆ.

ಗರ್ಭಿಣಿಯಲ್ಲಿ ಈಸ್ಟ್ರೋಜನ್ ಏರುವುದರಿಂದ ಉದುರಬೇಕಾಗಿದ್ದ ಕೂದಲುಗಳೂ ಬೆಳೆಯುತ್ತಲೇ ಇರುತ್ತವೆ. ಏಳೆಂಟನೇ ತಿಂಗಳಲ್ಲಿ ಜಡೆ ಹಿಂದೆಂದಿಗಿಂತ ದಪ್ಪವಾಗಿತ್ತು ಎಂದು ಎಷ್ಟೋ ತಾಯಂದಿರು ನೆನಪಿಸಿಕೊಳ್ಳುತ್ತಾರೆ. ಹೆರಿಗೆಯಾದ ಕೂಡಲೇ ಹಾರ್ಮೋನು ಇಳಿಯುತ್ತದೆ, ತಡೆದು ನಿಂತಿದ್ದ ಕೂದಲುಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಎರಡರಿಂದ ನಾಲ್ಕು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ವೈದ್ಯಕೀಯದಲ್ಲಿ ಇದಕ್ಕೆ ಟೆಲೊಜೆನ್ ಎಫ್ಲುವಿಯಂ ಎನ್ನುತ್ತಾರೆ. ಡೆಂಗಿ, ಟೈಫಾಯಿಡ್, ಕೋವಿಡ್, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವ ಪ್ರಯತ್ನ, ಇವುಗಳ ನಂತರ ಉದುರುವುದೂ ಇದೇ ಬಗೆ. ಎಲ್ಲದರಲ್ಲೂ ಕಾರಣಕ್ಕೂ ಉದುರುವಿಕೆಗೂ ನಡುವೆ ಎರಡು ಮೂರು ತಿಂಗಳ ಅಂತರ ಇರುತ್ತದೆ. ಹೀಗಾಗಿ ಕೂದಲು ಉದುರಲು ಶುರುವಾದಾಗ ಈಗ ಏನು ಬದಲಾಯಿತು ಎಂದು ಹುಡುಕುವವರಿಗೆ ತಪ್ಪು ಕಾರಣವೇ ಸಿಗುತ್ತದೆ.

ನಿಮ್ಮಲ್ಲಿ ಆದದ್ದೂ ಅದೇ. ನಮ್ಮ ಕಡೆ ಬಾಣಂತಿಯನ್ನು ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ತವರಿನಿಂದ ಕಳುಹಿಸಿಕೊಡುತ್ತಾರೆ. ಹೆರಿಗೆಯ ನಂತರದ ಕೂದಲು ಉದುರುವುದೂ ಸರಿಯಾಗಿ ಆ ಹೊತ್ತಿಗೇ. ಮಲೆನಾಡಿನ ಬಾವಿ ನೀರು ಬಿಟ್ಟು ಬೆಂಗಳೂರಿನ ಬೋರ್‌ವೆಲ್ ನೀರಿಗೆ ತಲೆಯೊಡ್ಡಿದ ಎರಡೇ ವಾರಕ್ಕೆ ಮುಷ್ಟಿಗಟ್ಟಲೆ ಕೂದಲು ಬಂದರೆ ಯಾರಾದರೂ ನೀರನ್ನೇ ದೂರುತ್ತಾರೆ. ನೀವು ಶಿರಸಿಯಲ್ಲೇ ಉಳಿದಿದ್ದರೂ ಈ ಕೂದಲು ಉದುರುತ್ತಿತ್ತು. ಇದೇ ನಂಟನ್ನು ಇಟ್ಟುಕೊಂಡು ಷವರ್ ಫಿಲ್ಟರಿಗೆ ಸಾವಿರಾರು ರೂಪಾಯಿ ಸುರಿದ ಬಾಣಂತಿಯರನ್ನು ನಾನು ನೋಡುತ್ತಲೇ ಇರುತ್ತೇನೆ. ಆ ಹಣದಲ್ಲಿ ಅವರಿಗೆ ಬೇಕಾಗಿದ್ದ ರಕ್ತ ಪರೀಕ್ಷೆಗಳೆಲ್ಲ ಮುಗಿದು ಇನ್ನೂ ಉಳಿಯುತ್ತಿತ್ತು.

ಬಿಳಿ ಗಂಟಿನ ವಿಷಯ. ಅದು ಬೇರಲ್ಲ. ವಿಶ್ರಾಂತಿಯ ಹಂತ ಮುಗಿಸಿದ ಕೂದಲಿನ ಬುಡ ಉರುಟಾಗಿ ಬೆಳ್ಳಗಿರುತ್ತದೆ, ಅಷ್ಟೇ. ಕೂದಲನ್ನು ಹುಟ್ಟಿಸುವ ಬುಡ ಚರ್ಮದೊಳಗೆ ಹಾಗೆಯೇ ಇರುತ್ತದೆ, ಹಳೆಯದು ಕಳಚುವ ಹೊತ್ತಿಗೆ ಅಲ್ಲಿ ಹೊಸದು ಹೊರಟಿರುತ್ತದೆ. ಮಕ್ಕಳ ಹಾಲುಹಲ್ಲು ಬಿದ್ದಾಗ ನಾವು ಗಾಬರಿಯಾಗುವುದಿಲ್ಲವಲ್ಲ, ಇದೂ ಹಾಗೆ. ನಿಜ ಹೇಳಬೇಕೆಂದರೆ ಬಿಳಿ ಗಂಟು ಕಂಡರೆ ನನಗೆ ಸಮಾಧಾನ. ಗಂಟಿಲ್ಲದೆ ನಡುವೆಯೇ ತುಂಡಾಗಿ ಬರುವ ಕೂದಲಾಗಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿತ್ತು: ಬಿಗಿ ಜಡೆ, ಸ್ಟ್ರೈಟನಿಂಗ್, ಬಣ್ಣ, ಒದ್ದೆ ಕೂದಲನ್ನು ಬಾಚುವುದು, ಮತ್ತು ಹೌದು, ಗಡಸು ನೀರು.

ಗಡಸು ನೀರಿನ ತಪ್ಪು ಎಷ್ಟು ಎಂಬುದನ್ನೂ ಹೇಳಿಬಿಡುತ್ತೇನೆ. ಭಾರತೀಯ ಮಾನಕ ಬ್ಯೂರೋದ ಮಾನದಂಡದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆಳದ ಬೋರ್‌ವೆಲ್‌ಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವುದು ಸಾಮಾನ್ಯ. ಸೋಪು ಇವುಗಳೊಡನೆ ಸೇರಿ ಅಂಟಂಟಾದ ಕೆನೆಯಾಗುತ್ತದೆ. ಬಕೆಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪದರವೇ ಕೂದಲಿನ ಮೇಲೂ ಕೂರುತ್ತದೆ. ಕೂದಲು ಒರಟಾಗುತ್ತದೆ, ಸಿಕ್ಕು ಬೀಳುತ್ತದೆ, ಬಾಚುವಾಗ ಮುರಿಯುತ್ತದೆ. ಚರ್ಮವೂ ಒಣಗುತ್ತದೆ. ಆದರೆ ಈ ಲವಣಗಳು ಚರ್ಮದೊಳಗಿನ ಬುಡವನ್ನು ತಲುಪಿ ಕೂದಲನ್ನು ಉದುರಿಸುವುದಿಲ್ಲ. ಮಾಡಬೇಕಾದದ್ದು ಸರಳ. ತಲೆಗೆ ಸೋಪು ಬೇಡ, ಶಾಂಪೂ ಇರಲಿ. ಶಾಂಪೂವಿನ ನೊರೆಕಾರಕಗಳು ಗಡಸು ನೀರಿನಲ್ಲಿ ಸೋಪಿನಂತೆ ಗಟ್ಟಿಗಟ್ಟುವುದಿಲ್ಲ. ಆಮೇಲೆ ಕೂದಲಿನ ಕೆಳಭಾಗಕ್ಕೆ ಕಂಡಿಷನರ್ ಹಚ್ಚಿ. ಮನೆಯಲ್ಲಿ ಕಾವೇರಿ ನೀರೋ ಆರ್‌ಒ ನೀರೋ ಇದ್ದರೆ ಕೊನೆಯ ಎರಡು ಚೊಂಬು ಅದನ್ನು ಸುರಿದುಕೊಳ್ಳಿ. ಷವರ್‌ಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳು ಕ್ಲೋರಿನ್, ಮಣ್ಣು, ತುಕ್ಕು ತಡೆಯಬಹುದು, ಗಡಸುತನವನ್ನು ಹೇಳಿಕೊಳ್ಳುವಂತೆ ಇಳಿಸುವುದಿಲ್ಲ. ಅದಕ್ಕೆ ಉಪ್ಪು ಹಾಕಿ ನಡೆಸುವ ದೊಡ್ಡ ಸಾಫ್ಟನರ್ ಬೇಕು, ಅದು ಇಡೀ ಅಪಾರ್ಟ್‌ಮೆಂಟಿನವರು ಸೇರಿ ಯೋಚಿಸಬೇಕಾದ ವಿಷಯ.

ಎಣ್ಣೆಯ ಬಗ್ಗೆ ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತೆಂಗಿನೆಣ್ಣೆಯ ಲಾರಿಕ್ ಆಮ್ಲ ಕೂದಲಿನ ಎಳೆಯೊಳಗೆ ಇಳಿಯುತ್ತದೆ, ತೊಳೆಯುವಾಗ ಕೂದಲು ಪ್ರೋಟೀನ್ ಕಳೆದುಕೊಳ್ಳುವುದನ್ನು ತಗ್ಗಿಸುತ್ತದೆ. ಸೂರ್ಯಕಾಂತಿ ಎಣ್ಣೆಗಾಗಲಿ ಖನಿಜ ತೈಲಕ್ಕಾಗಲಿ ಈ ಗುಣ ಕಾಣಲಿಲ್ಲ ಎಂದು 2003ರಲ್ಲಿ ಭಾರತದ ಸಂಶೋಧಕರು ಪ್ರಕಟಿಸಿದರು. ಆ ಪ್ರಯೋಗ ನಡೆದದ್ದು ತೆಂಗಿನೆಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದಲ್ಲಿ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಫಲಿತಾಂಶವಂತೂ ನಮ್ಮ ಮನೆಗಳ ಅನುಭವಕ್ಕೆ ಹೊಂದುತ್ತದೆ. ಅಂದರೆ ಎಣ್ಣೆ ಇರುವ ಕೂದಲನ್ನು ಕಾಯುತ್ತದೆ. ಹೊಸ ಕೂದಲು ಹುಟ್ಟಿಸುವುದು, ಉದುರುವ ಕೂದಲನ್ನು ಹಿಡಿದಿಡುವುದು ಅದರ ಕೆಲಸವಲ್ಲ. ತಲೆಹೊಟ್ಟು ಇರುವವರಿಗೆ ನೆತ್ತಿಗೆ ಎಣ್ಣೆ ಹಾಕುವುದರಿಂದ ತೊಂದರೆಯೇ. ತಲೆಹೊಟ್ಟಿಗೆ ಕಾರಣವಾದ ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಎಣ್ಣೆಯ ಅಂಶದ ಮೇಲೆ. ನೀವು ಸ್ನಾನಕ್ಕೆ ಒಂದು ಗಂಟೆ ಮೊದಲು ಕೂದಲಿನ ಉದ್ದಕ್ಕೆ ಮಾತ್ರ ಎಣ್ಣೆ ಸವರಿ ತೊಳೆದುಬಿಡಿ, ನೆತ್ತಿಗೆ ಬೇಡ. ಕೆಟೊಕೊನಜೋಲ್ ಶೇ 2ರ ಶಾಂಪೂವನ್ನು ವಾರಕ್ಕೆ ಎರಡು ಸಲ ನೆತ್ತಿಗೆ ಹಚ್ಚಿ, ನಾಲ್ಕೈದು ನಿಮಿಷ ಬಿಟ್ಟು ತೊಳೆಯಿರಿ. ಮೂರು ನಾಲ್ಕು ವಾರ ಸಾಕು. ಹಾಲುಣಿಸುವವರೂ ಬಳಸಬಹುದು. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಔಷಧ ಕೆಲಸ ಮಾಡುವುದಿಲ್ಲ, ಹೆಚ್ಚಿನವರು ಎಡವುವುದು ಅಲ್ಲೇ. ಪದೇಪದೇ ತೊಳೆದರೆ ಕೂದಲು ಇನ್ನಷ್ಟು ಉದುರುತ್ತದೆ ಎಂಬ ಹೆದರಿಕೆಯೂ ಬೇಡ. ಇಂದು ತೊಳೆಯದಿದ್ದರೆ ಅದೇ ಕೂದಲು ನಾಳೆ ಬಾಚಣಿಗೆಯಲ್ಲಿ ಬರುತ್ತದೆ.

ಈರುಳ್ಳಿ ರಸವನ್ನು ನಿಲ್ಲಿಸಿ. 2002ರಲ್ಲಿ ಬಾಗ್ದಾದಿನ ವೈದ್ಯರು ಅದನ್ನು ಪರೀಕ್ಷಿಸಿದ್ದು ನಾಣ್ಯದಗಲ ಕೂದಲು ಹೋಗುವ ಬೇರೊಂದು ಕಾಯಿಲೆಯಲ್ಲಿ, ಅದೂ ಕೆಲವೇ ಜನರ ಮೇಲೆ. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ, ನೆತ್ತಿ ಉರಿಸಿಕೊಂಡದ್ದಷ್ಟೇ ಬಂತು.

ಪಿಆರ್‌ಪಿ ಎಂದರೆ ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಭಾಗವನ್ನು ಬೇರ್ಪಡಿಸಿ ನೆತ್ತಿಗೆ ಚುಚ್ಚುವುದು. ವಂಶವಾಹಿಯಾಗಿ ಬೈತಲೆ ಅಗಲವಾಗುವ ತೊಂದರೆಯಲ್ಲಿ ಅದರಿಂದ ಕೆಲವರಿಗೆ ಪ್ರಯೋಜನವಿದೆ. ಹೆರಿಗೆಯ ನಂತರದ ಉದುರುವಿಕೆಗೆ ಅದು ಬೇಕಿಲ್ಲ. ಇಲ್ಲಿ ಒಂದು ಮಾತನ್ನು ಗಮನದಲ್ಲಿಡಿ: ಈಗ ಉದುರುತ್ತಿರುವ ಕೂದಲು ಸಾಮಾನ್ಯವಾಗಿ ಮಗುವಿಗೆ ಎಂಟು ಒಂಬತ್ತು ತಿಂಗಳಾಗುವ ಹೊತ್ತಿಗೆ ತಗ್ಗುತ್ತದೆ, ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸಹಜಕ್ಕೆ ಬರುತ್ತದೆ. ಆದ್ದರಿಂದ ನೀವು ಈ ತಿಂಗಳು ಏನನ್ನೇ ಆರಂಭಿಸಿದರೂ, ಇಂಜೆಕ್ಷನ್ ಇರಲಿ, ದುಬಾರಿ ಎಣ್ಣೆ ಇರಲಿ, ಕೂದಲು ನಿಂತಾಗ ಹೆಸರು ಅದಕ್ಕೇ ಹೋಗುತ್ತದೆ. ಎಷ್ಟೋ ಜಾಹೀರಾತುಗಳಲ್ಲಿ ಹಿಂದೆ ಮತ್ತು ಈಗ ಎಂದು ತೋರಿಸುವ ಚಿತ್ರಗಳ ಹಿಂದಿರುವುದು ಈ ಸಹಜ ಚೇತರಿಕೆ. ಕೂದಲು ಬೆಳೆಸಲು ನೆತ್ತಿಗೆ ಹಚ್ಚುವ ಔಷಧ ಮಿನಾಕ್ಸಿಡಿಲ್ ಕೂಡ ನಿಮಗೆ ಈಗ ಬೇಡ. ಹಾಲುಣಿಸುವವರಿಗೆ ಸಾಮಾನ್ಯವಾಗಿ ಅದನ್ನು ಬರೆಯುವುದಿಲ್ಲ.

ಮುಡಿಯನ್ನು ಹರಕೆಯೆಂದು ಕೊಡುವುದಾದರೆ ಸಂತೋಷವಾಗಿ ಕೊಡಿ. ದಟ್ಟವಾಗಲಿ ಎಂದು ಕೊಡುವುದಾದರೆ ನಿರಾಶೆಯಾಗುತ್ತದೆ. ಚರ್ಮದ ಹೊರಗಿನ ಕೂದಲು ನಿರ್ಜೀವ. ಅದನ್ನು ಬೋಳಿಸಿದ ಸುದ್ದಿ ಒಳಗಿನ ಬುಡಕ್ಕೆ ತಲುಪುವುದಿಲ್ಲ. ಬೋಳಿಸಿದ ಮೇಲೆ ಬರುವ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಎನಿಸುತ್ತದೆ. ಮಗುವಿನ ತಲೆಗೂ ಇದೇ ಮಾತು ಅನ್ವಯ.

ಒಂದು ಬೇಸರದ ಸಂಗತಿಯನ್ನು ಮುಚ್ಚಿಡುವುದಿಲ್ಲ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಉದುರುವುದು ನಿಂತ ಮೇಲೂ ಹೊಸ ಕೂದಲು ಭುಜ ಮುಟ್ಟಲು ಎರಡು ವರ್ಷ ದಾಟುತ್ತದೆ. ಅಲ್ಲಿಯವರೆಗೆ ಜಡೆಯ ಕೆಳಭಾಗ ತೆಳ್ಳಗೇ ಕಾಣುತ್ತದೆ, ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ನಿಮಿರಿ ನಿಲ್ಲುತ್ತದೆ. ಆ ಗಿಡ್ಡ ಕೂದಲೇ ಚೇತರಿಕೆಯ ಗುರುತು, ಅದನ್ನು ಒತ್ತಿ ಬಿಗಿಯಾಗಿ ಕಟ್ಟಬೇಡಿ.

ಹಾಗಾದರೆ ಕೂದಲಿಗೆ ಏನೂ ಮಾಡಬೇಕಿಲ್ಲವೇ? ಮಾಡಬೇಕಾದದ್ದು ತಟ್ಟೆಯಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅದರ ಮೇಲೆ ಹೆರಿಗೆಯ ರಕ್ತಸ್ರಾವ, ಅದರ ಮೇಲೆ ಬಾಣಂತಿ ಪಥ್ಯ. ಸೊಪ್ಪು ತಿಂದರೆ ಮಗುವಿಗೆ ಭೇದಿ, ಬೇಳೆ ತಿಂದರೆ ವಾಯು, ನೀರು ಕುಡಿದರೆ ಶೀತ ಎಂದು ತಿಂಗಳುಗಟ್ಟಲೆ ಮೆಣಸಿನ ಸಾರು, ಅನ್ನ, ತುಪ್ಪದಲ್ಲೇ ಕಳೆದ ತಾಯಂದಿರು ನನ್ನಲ್ಲಿಗೆ ಬರುತ್ತಾರೆ. ಕಷಾಯ, ಲೇಹ, ಅಂಟಿನ ಉಂಡೆ, ಎಣ್ಣೆ ನೀರು, ಹಿರಿಯರ ಆರೈಕೆ ಇವೆಲ್ಲ ಬಾಣಂತಿಗೆ ಹಿತ. ಸೊಪ್ಪು ಬೇಳೆಗಳನ್ನು ಬಿಡಿಸುವುದು ಮಾತ್ರ ಹಿತವಲ್ಲ, ಹಾಲುಣಿಸುವವಳಿಗೆ ಪ್ರೋಟೀನ್ ಮತ್ತು ಕಬ್ಬಿಣ ಬಹಳ ಮುಖ್ಯ. ಕೂದಲು ಕೆರಟಿನ್ ಎಂಬ ಪ್ರೋಟೀನ್, ದೇಹಕ್ಕೆ ಕೊರತೆಯಾದರೆ ಮೊದಲು ಕಡಿತಗೊಳಿಸುವುದು ಅದಕ್ಕೆ ಕೊಡುವ ಪಾಲನ್ನು. ದಿನವೂ ಎರಡು ಹೊತ್ತು ಬೇಳೆ ಅಥವಾ ಕಾಳು, ಮೊಸರು, ಹುರುಳಿ, ಶೇಂಗಾ, ತಿನ್ನುವವರಾದರೆ ಮೊಟ್ಟೆ ಮೀನು, ಜೊತೆಗೆ ನುಗ್ಗೆ ಹರಿವೆ ಸೊಪ್ಪು ಇರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಅದು ತಗ್ಗುತ್ತದೆ.

ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಎಷ್ಟೋ ಜನ ಆಸ್ಪತ್ರೆಯಿಂದ ಬಂದ ತಿಂಗಳಲ್ಲೇ ಬಿಟ್ಟುಬಿಡುತ್ತಾರೆ, ಇಲ್ಲವೇ ಕ್ಯಾಲ್ಸಿಯಂ ಮಾತ್ರೆಯೊಡನೆ ಒಟ್ಟಿಗೆ ನುಂಗುತ್ತಾರೆ. ಎರಡೂ ಒಟ್ಟಿಗೆ ಹೋದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ತೆಗೆದುಕೊಳ್ಳಿ.

ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಹಾಗಾಗಿ ಫೆರಿಟಿನ್ ನೋಡಿಸಿ. ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡ್ ಏರುಪೇರಾಗುವುದುಂಟು, ಅದಕ್ಕೆ ಟಿಎಸ್‌ಎಚ್. ಸಸ್ಯಾಹಾರಿಗಳಾಗಿದ್ದರೆ ಬಿ12. ಇಷ್ಟು ಸಾಕು, ದೊಡ್ಡ ಪ್ಯಾಕೇಜು ಬೇಡ. ಆದರೆ ರಕ್ತ ಕೊಡುವ ಮೊದಲು ಕನಿಷ್ಠ ಮೂರು ದಿನ ಬಯೋಟಿನ್ ನಿಲ್ಲಿಸಿರಿ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಪ್ರಯೋಗಾಲಯ ಪರೀಕ್ಷೆಗಳ ಲೆಕ್ಕ ಕೆಡಿಸುತ್ತದೆ, ಥೈರಾಯ್ಡ್ ತೊಂದರೆ ಇಲ್ಲದವರಿಗೂ ಇದೆಯೆಂದು ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ನಿಜಕ್ಕೂ ಬಯೋಟಿನ್ ಕೊರತೆ ಇರುವವರು ಬಹಳ ಅಪರೂಪ. ಸಾಮಾನ್ಯ ಊಟ ಮಾಡುವವರಿಗೆ ಆ ಮಾತ್ರೆಯಿಂದ ಕೂದಲಿಗೆ ಲಾಭವಿಲ್ಲ. ರಕ್ತ ಪರೀಕ್ಷೆಯ ನೆಪದಲ್ಲಿ ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಬೇಡಿ.

ಈಗ ಮುಖದ ವಿಷಯ

ಬಂಗು ಕಾಯಿಲೆಯಲ್ಲ, ಆದರೆ ಹಟಮಾರಿ. ಗರ್ಭಿಣಿಯ ಹಾರ್ಮೋನು ಮತ್ತು ಬಿಸಿಲು ಎರಡೂ ಸೇರಿ ಬಣ್ಣ ತಯಾರಿಸುವ ಕಣಗಳನ್ನು ಕೆರಳಿಸುತ್ತವೆ. ಹೆರಿಗೆಯ ನಂತರ ಎಷ್ಟೋ ಜನರಲ್ಲಿ ತಿಂಗಳು ಕಳೆದಂತೆ ತಾನಾಗಿ ತಿಳಿಯಾಗುತ್ತದೆ. ನೀವು ಬರೆದಿರುವ ಮೂರು ಔಷಧಗಳ ಮಿಶ್ರಣ ಮೋಸದ ಔಷಧವಲ್ಲ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ಪ್ರಕಟಿಸಿದ ಸೂತ್ರದಿಂದ ಬೆಳೆದುಬಂದದ್ದು, ಬಂಗಿಗೆ ನಾವೂ ಬರೆಯುತ್ತೇವೆ. ಆದರೆ ವೈದ್ಯರ ಕಣ್ಣಳತೆಯಲ್ಲಿ, ಕೆಲವು ವಾರಗಳಿಗೆ ಮಾತ್ರ. ಎಂಟು ವಾರ ದಾಟಿಸುವುದು ಸಾಮಾನ್ಯವಾಗಿ ಇಲ್ಲ. ನೀವು ನಾಲ್ಕು ತಿಂಗಳು ಹಚ್ಚಿದ್ದೀರಿ.

ಅದರಲ್ಲಿರುವ ಮೊಮೆಟಾಸೋನ್ ಒಂದು ಸ್ಟೀರಾಯ್ಡ್. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ, ಬಣ್ಣ ತಯಾರಿಯನ್ನು ತಗ್ಗಿಸುತ್ತದೆ. ಮೊದಲ ತಿಂಗಳು ಮುಖ ಬೆಳಗಿದ್ದು ಇದರಿಂದ. ಮುಂದುವರಿಸಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಕೆಂಪು ಎಳೆಗಳಾಗಿ ಕಾಣತೊಡಗುತ್ತವೆ, ಮೊಡವೆಯಂಥ ಗುಳ್ಳೆಗಳು ಏಳುತ್ತವೆ, ಕೆನ್ನೆ ಗಲ್ಲದ ಮೇಲೆ ನವಿರು ಕೂದಲು ಹೆಚ್ಚುತ್ತದೆ. ಮುಖದ ಚರ್ಮ ಕೈಯ ಚರ್ಮದಂತಲ್ಲ. ಹಣೆಯ ಚರ್ಮ ಮುಂಗೈಗಿಂತ ಸುಮಾರು ಆರು ಪಟ್ಟು ಹೆಚ್ಚು ಸ್ಟೀರಾಯ್ಡ್ ಹೀರಿಕೊಳ್ಳುತ್ತದೆ. ಹಚ್ಚುವುದನ್ನು ಬಿಟ್ಟ ದಿನ ಕುಗ್ಗಿದ್ದ ರಕ್ತನಾಳಗಳೆಲ್ಲ ಒಮ್ಮೆಗೇ ಹಿಗ್ಗುತ್ತವೆ. ಆಗ ಕೆಂಪು, ಉರಿ, ಬಿಗಿತ. ಉರಿ ತಡೆಯಲಾರದೆ ಮತ್ತೆ ಹಚ್ಚಿದರೆ ಗಂಟೆಗಳಲ್ಲಿ ತಣ್ಣಗಾಗುತ್ತದೆ, ಟ್ಯೂಬ್ ಒಳ್ಳೆಯದು, ತನ್ನ ಚರ್ಮವೇ ಕೆಟ್ಟದ್ದು ಎಂಬ ನಂಬಿಕೆ ಬೇರೂರುತ್ತದೆ. ಭಾರತದಲ್ಲಿ ಇದು ಎಷ್ಟು ವ್ಯಾಪಕ ಎಂದರೆ ನಮ್ಮ ಚರ್ಮವೈದ್ಯರು ಇದಕ್ಕೆ ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ. ಚರ್ಮವೈದ್ಯರ ರಾಷ್ಟ್ರೀಯ ಸಂಘ ಐಎಡಿವಿಎಲ್ ವರ್ಷಗಳ ಕಾಲ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಎಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ನಿಮ್ಮ ಕೈಗೆ ಅದು ಚೀಟಿಯಿಲ್ಲದೆ ಬಂದಿದೆ. ಇದನ್ನು ನಾನು ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ಮಾರಿದವರು ಕೇಳಬೇಕಾಗಿತ್ತು, ಕೇಳಲಿಲ್ಲ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಟ್ಯೂಬನ್ನು ಹೀಗೇ ಮುಂದುವರಿಸುವುದು: ಹಚ್ಚಿದಷ್ಟು ದಿನ ನೆಮ್ಮದಿ, ಆದರೆ ಆಮೇಲೆ ಕಾಣಿಸಿಕೊಳ್ಳುವ ಕೆಂಪು ಎಳೆಗಳು ಲೇಸರ್ ಇಲ್ಲದೆ ಹೋಗದಿರಬಹುದು. ಇಂದೇ ಎಸೆದು ಮನೆಯಲ್ಲೇ ಸಹಿಸುವುದು: ಕೆಲವರು ಗೆಲ್ಲುತ್ತಾರೆ, ಬಹಳ ಮಂದಿ ಹತ್ತು ದಿನಕ್ಕೆ ಸೋತು ಹೊಸ ಟ್ಯೂಬ್ ತರುತ್ತಾರೆ, ಅಥವಾ ಉರಿಯುವ ಮುಖಕ್ಕೆ ನಿಂಬೆರಸ, ಟೊಮೆಟೊ, ಟೂತ್‌ಪೇಸ್ಟ್ ಮೆತ್ತಿ ಗಾಯ ಮಾಡಿಕೊಳ್ಳುತ್ತಾರೆ. ಮೂರನೆಯದು ವೈದ್ಯರ ಜೊತೆಗೂಡಿ ಬಿಡುವುದು, ನಾನು ಹೇಳುವುದು ಇದನ್ನೇ. ಚರ್ಮವನ್ನು ನೋಡಿ ಅವರು ಒಮ್ಮೆಗೇ ನಿಲ್ಲಿಸಬಹುದು, ಇಲ್ಲವೇ ಕಡಿಮೆ ಶಕ್ತಿಯ ಸ್ಟೀರಾಯ್ಡ್‌ಗೆ ಇಳಿಸಿ ಕೆಲವು ದಿನಗಳಲ್ಲಿ ಬಿಡಿಸಬಹುದು. ಉರಿ ತಗ್ಗಿಸಲು ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್‌ನಂಥ ಮುಲಾಮು ಕೊಡಬಹುದು. ಹಾಲುಣಿಸುತ್ತಿರುವುದನ್ನು ಮೊದಲೇ ಹೇಳಿ, ಔಷಧದ ಆಯ್ಕೆ ಅದರ ಮೇಲೆ ನಿಂತಿದೆ. ಬಿಟ್ಟ ಮೊದಲ ಎರಡು ಮೂರು ವಾರ ಕಷ್ಟದ ದಿನಗಳು. ಕನ್ನಡಿಯಲ್ಲಿ ಮುಖ ಹಿಂದಿಗಿಂತ ಕೆಟ್ಟಂತೆ ಕಾಣುತ್ತದೆ. ಅದು ಚಿಕಿತ್ಸೆ ಸೋತ ಸೂಚನೆಯಲ್ಲ. ಪೂರ್ತಿ ಶಾಂತವಾಗಲು ಕೆಲವು ತಿಂಗಳು ಬೇಕಾಗಬಹುದು. ಮದುವೆ, ನಾಮಕರಣದಂಥ ಸಮಾರಂಭ ಹತ್ತಿರವಿದೆ ಎಂದು ಒಂದೇ ಒಂದು ದಿನ ಹಚ್ಚಿಕೊಳ್ಳುವ ಆಸೆಯಾದರೆ ತಡೆದುಕೊಳ್ಳಿ, ಅಲ್ಲಿಗೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆ ದಿನಗಳಲ್ಲಿ ಮುಖಕ್ಕೆ ಎಷ್ಟು ಕಡಿಮೆ ಹಚ್ಚಿದರೆ ಅಷ್ಟು ಒಳ್ಳೆಯದು. ದಿನಕ್ಕೆರಡು ಸಲ ತಣ್ಣೀರಿನಿಂದ ಅಥವಾ ಸೋಪಿನಂಶವಿಲ್ಲದ ಮೃದು ಕ್ಲೆನ್ಸರಿನಿಂದ ತೊಳೆದು, ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಉರಿ ಹೆಚ್ಚಿದಾಗ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ. ಕಡಲೆಹಿಟ್ಟು ಕೆಟ್ಟದ್ದಲ್ಲ, ಆದರೆ ಈಗ ಉಜ್ಜುವುದೇ ಬೇಡ. ಫೇಶಿಯಲ್, ಬ್ಲೀಚ್, ಹಬೆ, ಸ್ಕ್ರಬ್, ಪೀಲ್, ಲೇಸರ್ ಯಾವುದೂ ಬೇಡ. ಕೆರಳಿರುವ ಕಂದು ಚರ್ಮದ ಮೇಲೆ ಲೇಸರ್ ಮಾಡಿದರೆ ಮತ್ತಷ್ಟು ಕಪ್ಪಾಗುವ ಅಪಾಯವಿದೆ.

ಬಂಗಿಗೆ ನೀವು ಇವತ್ತೇ ಮಾಡಬಹುದಾದ ದೊಡ್ಡ ಚಿಕಿತ್ಸೆ ಎಂದರೆ ಬಿಸಿಲಿನಿಂದ ರಕ್ಷಣೆ. ಎಸ್‌ಪಿಎಫ್ 30 ಅಥವಾ ಹೆಚ್ಚು ಇರುವ, ಜಿಂಕ್ ಆಕ್ಸೈಡ್ ಆಧಾರಿತ ಸನ್‌ಸ್ಕ್ರೀನ್ ಉರಿಯುವ ಚರ್ಮಕ್ಕೂ ಹೊಂದುತ್ತದೆ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನ ಉದ್ದದಷ್ಟು ಬೇಕು. ಬಟಾಣಿ ಕಾಳಿನಷ್ಟು ಸವರಿ ಪ್ರಯೋಜನವಾಗಲಿಲ್ಲ ಎನ್ನುವವರೇ ಹೆಚ್ಚು. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ. ಯುವಿಎ ಕಿರಣ ಗಾಜನ್ನು ದಾಟುತ್ತದೆ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಆದ್ದರಿಂದ ಬಾಲ್ಕನಿ, ಕಿಟಕಿಯ ಪಕ್ಕ ಕುಳಿತು ಮಗುವನ್ನು ಆಡಿಸುವವರಿಗೂ ಇದು ಬೇಕು. ಕೆಂಪು ಇಳಿದ ಮೇಲೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೇಳಿ ಪಡೆಯಿರಿ, ಕಾಣುವ ಬೆಳಕನ್ನು ತಡೆಯುವುದು ಅದು. ದುಬಾರಿ ಎನಿಸಿದರೆ ಕೊಡೆ ಮತ್ತು ಅಗಲ ಅಂಚಿನ ಟೋಪಿಯನ್ನು ಕಡೆಗಣಿಸಬೇಡಿ, ಅವು ನಿಜವಾಗಿ ಕೆಲಸ ಮಾಡುತ್ತವೆ. ಚರ್ಮ ಶಾಂತವಾದ ಮೇಲೆ ಹಾಲುಣಿಸುವಾಗಲೂ ಬಳಸಬಹುದಾದ ಅಜೆಲಾಯಿಕ್ ಆಮ್ಲದ ಕ್ರೀಮನ್ನು ವೈದ್ಯರು ಬರೆಯಬಹುದು. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಬಂಗಿಗೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ತಾವಾಗಿ ನುಂಗಬೇಡಿ, ರಕ್ತ ಹೆಪ್ಪುಗಟ್ಟುವ ಅಪಾಯವಿರುವವರಿಗೆ ಅದು ಸಲ್ಲದು. ಇನ್ನೊಂದು, ಸಂತಾನ ನಿಯಂತ್ರಣಕ್ಕೆ ಈಸ್ಟ್ರೋಜನ್ ಇರುವ ಗುಳಿಗೆ ಆರಂಭಿಸಿದರೆ ಬಂಗು ಮರುಕಳಿಸಬಹುದು. ಸ್ತ್ರೀರೋಗ ತಜ್ಞರಿಗೆ ನಿಮಗೆ ಬಂಗು ಇರುವುದನ್ನು ತಿಳಿಸಿ, ಕಾಪರ್-ಟಿಯಂಥ ಬೇರೆ ವಿಧಾನ ಕೇಳಿ.

ಈ ಟ್ಯೂಬ್ ಬಿಟ್ಟಮೇಲೆ ಇನ್ನೊಂದನ್ನು ತಂದುಕೊಡುವವರು ಬಂದೇ ಬರುತ್ತಾರೆ. ಹೊರದೇಶದ್ದೆಂದು, ಗಿಡಮೂಲಿಕೆಯದೆಂದು ಹೇಳಿ ತಯಾರಕರ ವಿಳಾಸವಿಲ್ಲದೆ ಮಾರುವ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುವುದುಂಟು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು ಮೂತ್ರದಲ್ಲಿ ಪ್ರೋಟೀನ್ ಸೋರುವ ರೋಗಿಗಳನ್ನು ವಿಚಾರಿಸುತ್ತಾ ಹೋದಾಗ ಇಂಥ ಕ್ರೀಮುಗಳೇ ಎದುರಾದವು, 2023ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಒಳಗೇನಿದೆ ಎಂದು ಬರೆದಿರದ ಯಾವುದನ್ನೂ ಮುಖಕ್ಕೆ ಮುಟ್ಟಿಸಬೇಡಿ.

ಮಗುವಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಆ ಚಿಂತೆ ಪತ್ರದಲ್ಲಿ ಕಾಣುತ್ತದೆ. ಮುಖಕ್ಕೆ ತೆಳುವಾಗಿ ಹಚ್ಚಿದ್ದರಿಂದ ಹಾಲಿನ ಮೂಲಕ ಮಗುವಿಗೆ ತೊಂದರೆಯಾಗಿರುವ ಸಾಧ್ಯತೆ ಕಡಿಮೆ, ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಆದರೆ ಆ ಟ್ಯೂಬಿನಲ್ಲಿರುವ, ಚರ್ಮದ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್ ಚರ್ಮದ ಮೂಲಕ ಗಣನೀಯವಾಗಿ ರಕ್ತ ಸೇರುತ್ತದೆ, ಅದಕ್ಕೇ ಹಾಲುಣಿಸುವವರಿಗೆ ನಾವು ಬರೆಯುವುದಿಲ್ಲ. ಕ್ರೀಮು ಹಚ್ಚಿದ ಕೆನ್ನೆಗೆ ಮಗುವಿನ ಕೆನ್ನೆ ತಾಗುವುದು, ಅದೇ ಬೆರಳು ಮಗುವಿನ ಬಾಯಿಗೆ ಹೋಗುವುದು ಇನ್ನೂ ನೇರವಾದ ದಾರಿ. ಮಕ್ಕಳ ವೈದ್ಯರಿಗೆ ಮುಂದಿನ ಲಸಿಕೆಯ ದಿನ ಈ ವಿಷಯ ಹೇಳಿ.

ಚರ್ಮವೈದ್ಯರಲ್ಲಿಗೆ ಹೋಗುವಾಗ ಟ್ಯೂಬನ್ನು ಡಬ್ಬಿಸಹಿತ ಒಯ್ಯಿರಿ. ಯಾವತ್ತು ಆರಂಭಿಸಿದಿರಿ, ದಿನಕ್ಕೆ ಎಷ್ಟು ಸಲ, ಎಷ್ಟು ಟ್ಯೂಬ್ ಮುಗಿಸಿದಿರಿ ಎಂದು ಬರೆದುಕೊಳ್ಳಿ. ಬೈಯುತ್ತಾರೆಂದು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಕ್ರೀಮನ್ನು ಕಣ್ಣಿನ ಸುತ್ತಲೂ ಹಚ್ಚಿದ್ದು ದೃಷ್ಟಿ ಮಂಜಾಗಿದ್ದರೆ ಕಣ್ಣಿನ ಒತ್ತಡವನ್ನೂ ಪರೀಕ್ಷಿಸಬೇಕು. ಮುಖ ಊದಿಕೊಂಡರೆ, ಕೀವು ಸೋರಿದರೆ, ಜ್ವರ ಬಂದರೆ ನಿಗದಿಯಾದ ದಿನಕ್ಕೆ ಕಾಯದೆ ಹೋಗಿ. ಅದೇ ಭೇಟಿಯಲ್ಲಿ ನೆತ್ತಿಯನ್ನೂ ತೋರಿಸಿ. ನಡುಬೈತಲೆ ಅಗಲವಾಗುತ್ತಿದ್ದರೆ, ಎಲ್ಲಾದರೂ ನಾಣ್ಯದಗಲ ಬೋಳಾಗಿದ್ದರೆ, ಅಥವಾ ಮಗು ಒಂದು ವರ್ಷ ದಾಟಿದರೂ ಉದುರುವುದು ನಿಲ್ಲದಿದ್ದರೆ ಅದು ಬೇರೆಯೇ ತೊಂದರೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಇಂದಿನ ದಿನಾಂಕದೊಡನೆ ಬೈತಲೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮೂರು ತಿಂಗಳ ನಂತರ ಹೋಲಿಸಿ ನೋಡಲು ವೈದ್ಯರಿಗೆ ಅದು ಬೇಕಾಗುತ್ತದೆ.